‘ಬಾ’ ಎಂದು ಬರೆದ ಕಾಗದ

ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗೆ, ಒಂದು ಕಾಲದಲ್ಲಿ ವಿ.ಸಿ.ಆರ್. ಇಡುತ್ತಿದ್ದ ಖಾನೆಯಲ್ಲಿ, ಸಾಂಬಾರ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಇದೆ. ಹಗಲೂ ರಾತ್ರಿ ಅದರ ಮೂತಿಯ ಮೇಲೊಂದು ಹಸಿರು ದೀಪ ಮಿಣಮಿಣ ಎನ್ನುತ್ತಿರುತ್ತದೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, “ಇದೆಂಥದ್ರೀ, ಇನ್ವರ್ಟರ್ರಾ?” ಎಂದು ಕೇಳುತ್ತಾರೆ. “ಅಲ್ಲ, ನಮ್ಮ ಮನೆಯ ಪೋಸ್ಟಾಫೀಸು” ಎಂದರೆ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಈ ಪೋಸ್ಟಾಫೀಸಿನ ದೆಸೆಯಿಂದ ನಾನೂ ನನ್ನ ಅಕ್ಕನೂ ಏಳು ತಿಂಗಳು ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಕೂತದ್ದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಈ ಪೆಟ್ಟಿಗೆ ನಮ್ಮವರ ಆಸ್ತಿ. ಅವರು ದೂರವಾಣಿ ಇಲಾಖೆಯಲ್ಲಿದ್ದವರು. 2008ರಲ್ಲಿ ನಿವೃತ್ತರಾದ ಮೇಲೆ ಉಳಿದ ಗಂಡಸರಂತೆ ಬೆಳಗಿನ ವಾಕಿಂಗು, ಪೇಪರು, ರಾಜಕೀಯ ಎಂದು ಇರಬಹುದಿತ್ತು. ಇವರಿಗೆ ಒಂದೇ ಹುಚ್ಚು, ಮನೆಯಲ್ಲೇ ಮೇಲ್ ಸರ್ವರ್ ನಡೆಸಬೇಕು ಎಂಬುದು. “ನಮ್ಮ ಕಾಗದಪತ್ರ ಯಾರದೋ ಊರಿನ ಯಾರದೋ ಕಪಾಟಿನಲ್ಲಿ ಯಾಕಿರಬೇಕು? ನಮ್ಮ ಮನೆಯಲ್ಲಿ ಕಪಾಟಿಲ್ಲವೇ?” ಎನ್ನುವುದು ಅವರ ವಾದ. ವರ್ಷಕ್ಕಿಷ್ಟು ಎಂದು ಕೊಟ್ಟು ನಮ್ಮ ಮನೆತನದ ಹೆಸರಿನಲ್ಲಿ ಒಂದು ವಿಳಾಸ ಹಿಡಿದರು. ಇಂಟರ್‌ನೆಟ್ಟಿನವರಿಗೆ ತಿಂಗಳಿಗಿಷ್ಟು ಹೆಚ್ಚಿಗೆ ಕೊಟ್ಟು, ಬದಲಾಗದ ಒಂದು ನಂಬರು ಪಡೆದರು. 2009ರ ದೀಪಾವಳಿ ಹೊತ್ತಿಗೆ ನನಗೆ, ಮಗನಿಗೆ, ಆಮೇಲೆ ಬಂದ ಸೊಸೆಗೆ, ಎಲ್ಲರಿಗೂ ಮನೆಯ ಹೆಸರಿನಲ್ಲೇ ಇ-ಮೇಲ್. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನನಗೆ ಇದರ ಗಂಧಗಾಳಿ ಇಲ್ಲ. ದೀಪ ಹಸಿರಿದ್ದರೆ ಸರಿ, ಕೆಂಪಾದರೆ ಅವರನ್ನು ಕರೆಯುವುದು, ಇಷ್ಟೇ ನನ್ನ ವಿದ್ಯೆ. 2021ರ ಡಿಸೆಂಬರಿನಲ್ಲಿ ಅವರು ಹೋದರು. ದೀಪ ಹಸಿರಾಗಿಯೇ ಇತ್ತು. ಅದನ್ನು ಆರಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಈಗ ಅಕ್ಕನ ವಿಷಯ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಪುಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ. ಒಬ್ಬಳೇ ಮಗಳು ಕೆನಡಾದಲ್ಲಿ. ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ. ಮಷೀನು ಹಾಕಿದರೂ ಫೋನಿನ ಮಾತು ತಿಳಿಯುವುದಿಲ್ಲ. ಮೊಬೈಲಿನ ಸಣ್ಣ ಅಕ್ಷರಕ್ಕೆ ಕಣ್ಣು ಒಪ್ಪದು. ಆದರೆ ಕಂಪ್ಯೂಟರಿನಲ್ಲಿ ಅಕ್ಷರವನ್ನು ಹಲಸಿನ ಬೇಳೆಯಷ್ಟು ದೊಡ್ಡದು ಮಾಡಿಕೊಂಡು, ‘ಬರಹ’ದಲ್ಲಿ ಕುಟ್ಟಿ ಕುಟ್ಟಿ ಕನ್ನಡದಲ್ಲಿ ಬರೆಯುತ್ತಾಳೆ. ಅರವತ್ತು ದಾಟಿದ ಮೇಲೆ ಕಲಿತದ್ದು. ಹೀಗೆ ನಮ್ಮಿಬ್ಬರಿಗೆ ಉಳಿದಿದ್ದ ಒಂದೇ ದಾರಿ ಈ ಇ-ಮೇಲ್. ನಮ್ಮ ಅಪ್ಪ ಪೋಸ್ಟ್‌ಮಾಸ್ಟರ್ ಆಗಿದ್ದವರು. ಚಿಕ್ಕಂದಿನಲ್ಲಿ ತಾರೀಕಿನ ಮುದ್ರೆ ಒತ್ತುವ ಸದ್ದು ಕೇಳುತ್ತಲೇ ನಾವು ಮಗ್ಗಿ ಬಾಯಿಪಾಠ ಮಾಡಿದವರು. ಕಾಗದ ಹಾಕಿದರೆ ತಲುಪಿಯೇ ತಲುಪುತ್ತದೆ ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ಆ ನಂಬಿಕೆಯೇ ನಮ್ಮನ್ನು ಕೆಡಿಸಿತು ಅನ್ನಿ.

2023ರ ಜುಲೈ. ಹೊರಗೆ ಅಂಕೋಲೆಯ ಮಳೆ. ಹೊರಗಿನ ಬಟ್ಟೆ ಒಳಗೆ, ಒಳಗಿನ ಬಟ್ಟೆಗೆ ಬೂಷ್ಟು. ಅಕ್ಕನ ಕಾಗದ ಬಂತು. ಊಟ ತಿಂಡಿ, ಮೊಣಕಾಲು ಎಲ್ಲ ಬರೆದ ಮೇಲೆ ಕೊನೆಗೆ ಎರಡು ಸಾಲು: ಇಲ್ಲಿ ಒಬ್ಬಳೇ ಇರುವುದು ಸಾಕಾಗಿದೆ, ಅಂಕೋಲೆಗೆ ಬಂದು ನಿನ್ನ ಜೊತೆ ಇದ್ದುಬಿಡಲೇ ಎಂದು. ಅಕ್ಕ ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಈ ಎರಡು ಸಾಲು ಬರೆಯುವುದಕ್ಕೆ ಅವಳು ಎಷ್ಟು ದಿನ ತೆಗೆದುಕೊಂಡಳೋ! ನಾನು ಅಡಿಗೆ ಒಲೆ ಆರಿಸಿ ಬಂದು ಆ ರಾತ್ರಿಯೇ ಬರೆದೆ. “ಬಾ. ಕೇಳುವುದೇನು? ನಡುಕೋಣೆಯ ಮಂಚ ನಿನ್ನದೇ.” ಮರುದಿನ ಮಂಚಕ್ಕೆ ಹೊಸ ಹಾಸಿಗೆಯನ್ನೂ ಹೇಳಿ ಬಂದೆ.

ಉತ್ತರ ಬರಲಿಲ್ಲ. ಮತ್ತೊಂದು ಬರೆದೆ. ಬರಲಿಲ್ಲ. ಗಣೇಶನ ಹಬ್ಬ ಮುಗಿದ ಮೇಲೆ ಅವಳಿಂದ ಮೂರೇ ಸಾಲು. ಹಬ್ಬ ಆಯಿತು, ಆರೋಗ್ಯ ನೋಡಿಕೋ ಎಂದು. ಬರುವ ಮಾತೇ ಇಲ್ಲ! ನನಗೆ ಎದೆಯಲ್ಲಿ ಚುಳುಕ್ ಎಂದಿತು. ಕೇಳಿದವಳು ಅವಳು, ಒಪ್ಪಿದವಳು ನಾನು, ಈಗ ಮನಸ್ಸು ಬದಲಾಗಿದ್ದರೆ ಹೇಳಬಾರದೇ? ಅಂಕೋಲೆ ಅವಳಿಗೆ ಸಣ್ಣ ಊರಾಯಿತೇನೋ ಎಂದುಕೊಂಡೆ. ಆದರೂ ಎರಡು ಬರೆದು, ಆಮೇಲೆ ಬಿಟ್ಟೆ. ಅಂಚೆಯಲ್ಲಿ ಒಂದು ಕಾರ್ಡು ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೌದು, ಹಾಕಬಹುದಿತ್ತು. ಹಾಕಲಿಲ್ಲ. ಅಕ್ಕತಂಗಿಯರ ಹಟ ನಿಮಗೆ ಗೊತ್ತಿರುವುದೇ.

2024ರ ಸಂಕ್ರಾಂತಿಯ ದಿನ ಕೆನಡಾದಿಂದ ಅಕ್ಕನ ಮಗಳ ಫೋನು. ಎಳ್ಳುಬೆಲ್ಲದ ಮಾತು ಮುಗಿದ ಮೇಲೆ, “ಚಿಕ್ಕಮ್ಮಾ, ಆಯಿ ಅಷ್ಟು ಕೇಳಿಕೊಂಡಾಗ ಬೇಡ ಅಂತಾದ್ರೂ ಒಂದು ಮಾತು ಬರೀಬಾರ್ದಿತ್ತಾ?” ಎಂದಳು. ನಾನು ಕೂತಲ್ಲೇ ಕಲ್ಲಾದೆ. ಬರೆದಿದ್ದೇನೆ ಎಂದೆ, ನಾಲ್ಕು ಸಲ ಬರೆದಿದ್ದೇನೆ ಎಂದೆ. ಅವಳು ಸುಮ್ಮನಾದಳು. ಆಮೇಲೆ ಮೆಲ್ಲಗೆ, “ಆಯಿ ನವೆಂಬರಿನಲ್ಲೇ ವೃದ್ಧಾಶ್ರಮಕ್ಕೆ ಸೇರಿದಳು” ಎಂದಳು. ತಾಯಿಗೆ ವಿಷಯ ತಿಳಿಸುತ್ತೇನೆ ಎಂದಳು, ತಿಳಿಸಿದಳು ಕೂಡ. ಅಕ್ಕ ಕೊಟ್ಟ ಉತ್ತರ: “ಬರೆದಿದ್ದಳಂತೋ? ಹಾಗಾದರೆ ಆ ಕಾಗದ ತೋರಿಸಲಿ.” ಪೋಸ್ಟ್‌ಮಾಸ್ಟರರ ಮಗಳಲ್ಲವೇ, ರಸೀತಿ ಕೇಳದೆ ಬಿಟ್ಟಾಳೇ?

ನನಗೆ ಅರ್ಥವಾಗದ್ದು ಒಂದೇ. ಹಡಗಿನಲ್ಲಿರುವ ಮಗನಿಗೆ ಬರೆದದ್ದು ತಲುಪುತ್ತಿತ್ತು, ಸೊಸೆಗೆ ಬರೆದದ್ದು ತಲುಪುತ್ತಿತ್ತು. ಅಕ್ಕನಿಗೆ ಮಾತ್ರ ಇಲ್ಲವೇ? ಊರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯನ್ನು ಕರೆಸಿದೆ. ಹತ್ತನೇ ತರಗತಿಯಲ್ಲಿ ಅವಳಿಗೆ ‘ಅಲ್ಪಪ್ರಾಣ ಮಹಾಪ್ರಾಣ’ ತಿದ್ದಿ ತಿದ್ದಿ ನನ್ನ ಪ್ರಾಣ ಹೋಗಿತ್ತು. ಈಗ ಅವಳು ತಿದ್ದುವುದು, ನಾನು ಕೂರುವುದು. ಬಂದವಳು ನನ್ನ ಪೆಟ್ಟಿಗೆ ನೋಡಿ, “ಮೇಡಂ, ಈ ಮೇಲರ್-ಡೀಮನ್ ಕಾಗದ ಒಂದನ್ನೂ ನೀವು ತೆರೆದೇ ಇಲ್ವಲ್ಲ!” ಎಂದಳು.

ಹೇಗೆ ತೆರೆಯಲಿ? ‘ಡೀಮನ್’ ಎಂದರೆ ಪಿಶಾಚಿ ಎಂದು ಓದಿದವಳು ನಾನು. ಗುರುತಿಲ್ಲದವರ ಪತ್ರ ತೆರೆಯಬೇಡ, ತೆರೆದರೆ ಬ್ಯಾಂಕಿನ ದುಡ್ಡೆಲ್ಲ ಹೋಗುತ್ತದೆ ಎಂದು ನಮ್ಮವರೇ ಹೇಳಿಹೋಗಿದ್ದರು. ಪಿಶಾಚಿಯ ಗುರುತು ನನಗೆಲ್ಲಿಂದ? ಹದಿನೇಳು ಬಂದಿದ್ದವು, ಹದಿನೇಳನ್ನೂ ಮುಟ್ಟಿರಲಿಲ್ಲ. ಅವಳು ವಿವರಿಸಿದಳು. ಇದು ದೆವ್ವವಲ್ಲವಂತೆ. ಕಂಪ್ಯೂಟರಿನಲ್ಲಿ ಯಾರ ಕಣ್ಣಿಗೂ ಬೀಳದೆ ಹಿಂದೆ ನಿಂತು ಕೆಲಸ ಮಾಡುವ ಆಳಿಗೆ 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಇಟ್ಟ ಹೆಸರಂತೆ. ವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡ, ಕಣಗಳನ್ನು ಬೇರೆ ಬೇರೆ ಮಾಡುವ ಒಂದು ಪುಟ್ಟ ಭೂತದಿಂದ ಬಂದದ್ದಂತೆ. ಇದನ್ನು ಮೊದಲೇ ಹೇಳಿದ್ದರೆ ನಾವು ಘಟ್ಟದ ಕೆಳಗಿನವರು ತಟ್ಟನೆ ತಿಳಿದುಕೊಳ್ಳುತ್ತಿದ್ದೆವು. ಗದ್ದೆಯ ಅಂಚಿನಲ್ಲಿ ಕಲ್ಲಾಗಿ ನಿಂತು ಊರು ಕಾಯುವ ಜಟಕ ನಮಗೆ ಹೊಸಬನೇ?

ಆ ಜಟಕ ಪಾಪ, ತನ್ನ ಕೆಲಸ ಮಾಡಿದ್ದ. ಐದು ದಿನ ಮತ್ತೆ ಮತ್ತೆ ಪ್ರಯತ್ನಿಸಿ, ಬಾಗಿಲು ತೆರೆಯದೆ, ತಲುಪಿಸಲಾಗಲಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದಲೇ ಬರೆದು, ನನ್ನ ಕಾಗದವನ್ನೂ ಲಗತ್ತಿಸಿ ಹಿಂದಕ್ಕೆ ಕಳಿಸಿದ್ದ. “ಬಾ. ಕೇಳುವುದೇನು?” ಎಂಬುದು ಅಲ್ಲಿಯೇ ಇತ್ತು, ಜುಲೈ ತಾರೀಕಿನೊಂದಿಗೆ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಆದದ್ದಿಷ್ಟು. ಆ ವರ್ಷದ ಜೂನಿನಲ್ಲಿ ನಮ್ಮ ಬೀದಿಯ ಹಳೆಯ ತಾಮ್ರದ ತಂತಿ ತೆಗೆದು ಹೊಸ ಫೈಬರ್ ಎಳೆದಿದ್ದರು. ಹೊಸ ತಂತಿಯ ಜೊತೆಗೆ ಹೊಸ ಕಟ್ಟಳೆಯೂ ಬಂದಿತ್ತು, ನಮಗೆ ಯಾರೂ ಹೇಳಲಿಲ್ಲ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಅಂಚೆ ಹೋಗುವ ಬಾಗಿಲಿನ ನಂಬರು 25. ಮನೆಗಳಿಂದ ಹೊರಹೋಗುವ ಆ ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗೆ ಬರುವುದಕ್ಕೆ ಅಡ್ಡಿಯಿಲ್ಲ. ಅದಕ್ಕೇ ಅಕ್ಕನ ಕಾಗದ ಬರುತ್ತಿತ್ತು. ಮಗ ಸೊಸೆಯರ ಪೆಟ್ಟಿಗೆ ಇದೇ ಡಬ್ಬಿಯೊಳಗೆ ಇರುವುದರಿಂದ ಅವರ ಕಾಗದ ಹೊಸ್ತಿಲು ದಾಟುವ ಪ್ರಮೇಯವೇ ಇರಲಿಲ್ಲ. ಅಡಿಗೆಮನೆಯಿಂದ ಜಗಲಿಗೆ ಕೂಗಿ ಹೇಳಿದ ಹಾಗೆ. ಹೊರಗಿನ ಕಾಗದ ಮಾತ್ರ ಬಾಗಿಲಿಗೆ ತಲೆ ಚಚ್ಚಿಕೊಂಡು ಮರಳುತ್ತಿತ್ತು.

ಬೀಗ ಯಾಕೆ ಹಾಕುತ್ತಾರೆ ಎಂದು ಕೇಳಿದೆ, ಸಿಟ್ಟಿನಿಂದಲೇ. ಕಾರಣ ಕೇಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ನಮ್ಮ ಚಿಕ್ಕಂದಿನಲ್ಲಿ ಹುಬ್ಬಳ್ಳಿಯಲ್ಲಿ ಓದುವ ಹುಡುಗರಿಗೆ ಉಪ್ಪಿನಕಾಯಿ ಭರಣಿಯನ್ನು ಅರಬೈಲ್ ಘಟ್ಟ ಹತ್ತುವ ಬಸ್ಸಿನ ಡ್ರೈವರನ ಕೈಗೆ ಕೊಟ್ಟುಬಿಡುತ್ತಿದ್ದೆವಲ್ಲ? ಯಾರದು, ಒಳಗೇನಿದೆ ಎಂದು ಅವನು ಕೇಳುತ್ತಿರಲಿಲ್ಲ. ಇ-ಮೇಲೂ ಹಾಗೇ ಹುಟ್ಟಿದ್ದು. 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಅದರ ಸಾಗಾಟದ ನಿಯಮ ಬರೆದಾಗ ‘ನೀನು ಯಾರು, ಗುರುತು ತೋರಿಸು’ ಎನ್ನುವ ಮಾತೇ ಅದರಲ್ಲಿರಲಿಲ್ಲ. ಯಾರ ಕಾಗದವನ್ನಾದರೂ ಯಾರಾದರೂ ಮುಂದಕ್ಕೆ ದಾಟಿಸುತ್ತಿದ್ದರು. (ಆ ಹೆಸರು ನೋಡಿ, ಅಂಚೆಗೆಂದೇ ಹುಟ್ಟಿದ ಹಾಗಿದೆ!) ಇದನ್ನು ಬಳಸಿಕೊಂಡು ವ್ಯಾಪಾರದವರು, ಮೋಸದವರು ಲಕ್ಷಗಟ್ಟಲೆ ಕಾಗದ ತುರುಕತೊಡಗಿದರು. ಅದರ ಮುನ್ಸೂಚನೆ 1978ರ ಮೇ ತಿಂಗಳಲ್ಲೇ ಸಿಕ್ಕಿತ್ತು. ಕಂಪ್ಯೂಟರ್ ಮಾರುವ ಒಬ್ಬಾತ ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. 1990ರ ದಶಕ ಮುಗಿಯುವಾಗ ಡ್ರೈವರರೆಲ್ಲ ಎಚ್ಚೆತ್ತರು. 1998ರಲ್ಲಿ ‘ಸೆಂಡ್‌ಮೇಲ್’ ಎಂಬ ಹೆಸರಾಂತ ತಂತ್ರಾಂಶ ಗುರುತಿಲ್ಲದವರ ಕಾಗದ ದಾಟಿಸುವುದನ್ನು ತಾನಾಗಿ ನಿಲ್ಲಿಸಿತು. ಅದೇ ವರ್ಷದ ಕೊನೆಗೆ ಮನೆಯವರ ಕಾಗದ ಕೊಡುವುದಕ್ಕೆಂದೇ 587 ನಂಬರಿನ ಬೇರೆ ಬಾಗಿಲು, 1999ರಲ್ಲಿ ಹೆಸರು ಗುಪ್ತಪದ ಹೇಳಿ ಗುರುತು ತೋರಿಸುವ ಪದ್ಧತಿ ಬಂದವು. ಈಗ ವೈರಸ್ಸು ಹೊಕ್ಕ ಮನೆ ಕಂಪ್ಯೂಟರುಗಳು ಯಜಮಾನನಿಗೇ ತಿಳಿಯದಂತೆ ಕಸ ಕಳಿಸುತ್ತವೆ ಎಂದು ಎಷ್ಟೋ ದೇಶಗಳಲ್ಲಿ ಮನೆಗಳ 25ಕ್ಕೆ ಬೀಗ. ಯಾರೋ ಕದ್ದರೆಂದು ಎಲ್ಲರ ಜೇಬು ತಪಾಸಣೆ. ಶಾಲೆಯಲ್ಲಿ ನಾನೂ ಹಾಗೆ ಮಾಡಿದವಳೇ.

“ಮೇಡಂ, ಇದನ್ನೆಲ್ಲ ಬಿಟ್ಟು ಒಂದು ಬಿಟ್ಟಿ ಅಕೌಂಟ್ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ” ಎಂದಳು ಹುಡುಗಿ. ಅವಳ ಮಾತು ಸುಳ್ಳಲ್ಲ. ನಿಮಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ಅಕ್ಕ ಕಾಗದ ತೋರಿಸು ಎಂದಿದ್ದಳು. ಹೊಸ ವಿಳಾಸದಿಂದ ಹೋದರೆ ಅದು ಹೊಸ ನೆಪದಂತೆ ಕಾಣುತ್ತದೆ. ಹೋದದ್ದು ಈ ಮನೆಯಿಂದ. ತಲುಪಬೇಕಾದ್ದೂ ಈ ಮನೆಯಿಂದಲೇ. “ಇಲ್ಲೇ ಸರಿಮಾಡು, ನನಗೂ ಕಲಿಸು” ಎಂದೆ.

ಉಪಾಯ ಸರಳವೇ. ನಮ್ಮ ಡಬ್ಬಿ ಇನ್ನು ಮುಂದೆ ಊರೂರಿಗೆ ತಾನೇ ಓಡುವುದಿಲ್ಲ. ಹೊರಗಿನ ಕಾಗದವನ್ನೆಲ್ಲ ಒಂದು ದೊಡ್ಡ ಅಂಚೆಕಚೇರಿಯ 587ನೇ ಕಿಟಕಿಗೆ ಒಯ್ದು, ತನ್ನ ಹೆಸರು ಗುಪ್ತಪದ ಹೇಳಿ ಕೊಟ್ಟು ಬರುತ್ತದೆ. ಮುಂದಿನದು ಅವರ ಹೊಣೆ. ಹೀಗೆ ದಾಟಿಸಿಕೊಡುವ ಸೇವೆಗಳು ಇವೆ. ನಮ್ಮಂಥ ಸಣ್ಣ ಮನೆಯ ನಾಲ್ಕು ಕಾಗದಕ್ಕೆ ಅವರು ದುಡ್ಡೂ ಕೇಳಲಿಲ್ಲ. ಆದರೆ ಈ ವಿಳಾಸ ನಿಮ್ಮದೇ ಎಂಬುದಕ್ಕೆ ಪುರಾವೆ ಕೇಳಿದರು. ಅದಕ್ಕೆ ನಮ್ಮ ಹೆಸರಿನ ದಾಖಲೆಯಲ್ಲಿ ‘ಈ ಮನೆಯ ಕಾಗದವನ್ನು ಇಂಥವರು ತಂದರೆ ನಂಬಿ’ ಎಂಬ ಒಂದು ಪ್ರಕಟಣೆ ಸೇರಿಸಬೇಕು. ಎಸ್‌ಪಿಎಫ್ ಎನ್ನುತ್ತಾರಂತೆ. ದಾಖಲೆಯ ಗುಪ್ತಪದ ಎಲ್ಲಿದೆ? ನಮ್ಮವರ ಉದ್ದ ನೋಟುಬುಕ್ಕಿನಲ್ಲಿ, ತೆಂಗಿನಕಾಯಿ ಕೊಯ್ಲಿನ ಲೆಕ್ಕಕ್ಕೂ ಗ್ಯಾಸ್ ಬುಕ್ಕಿಂಗ್ ತಾರೀಕಿಗೂ ನಡುವೆ ಸಿಕ್ಕಿತು. ಅದನ್ನು ಹುಡುಕುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಹುಡುಕುತ್ತ ಬೇರೆ ಪುಟಗಳನ್ನೂ ಓದಿದೆನಲ್ಲ.

ನಮ್ಮ ಡಬ್ಬಿಯಲ್ಲಿರುವ ಅಂಚೆಯಾಳಿನ ಹೆಸರು ‘ಪೋಸ್ಟ್‌ಫಿಕ್ಸ್’. ವೀಟ್ಸಾ ವೆನೆಮಾ ಎಂಬ ಡಚ್ ವಿದ್ವಾಂಸ ಬರೆದದ್ದು. ಅದರ ಕಡತದಲ್ಲಿ ‘ರಿಲೇಹೋಸ್ಟ್’ ಎಂಬ ಸಾಲಿನ ಮುಂದೆ ದೊಡ್ಡ ಕಚೇರಿಯ ವಿಳಾಸವನ್ನು ಚೌಕ ಕಂಸದೊಳಗೆ ಬರೆದು, ಕೊನೆಗೆ ಒಂದು ಕೋಲನ್ ಚಿಹ್ನೆ ಇಟ್ಟು 587 ಎಂದು ಹಾಕಬೇಕು. ಕಂಸ ಅಲಂಕಾರಕ್ಕಲ್ಲ, ‘ಬೇರೆ ದಾರಿ ವಿಚಾರಿಸುತ್ತ ಅಲೆಯಬೇಡ, ನೇರ ಇದೇ ಬಾಗಿಲಿಗೆ ಹೋಗು’ ಎಂದು ಅರ್ಥ. ವ್ಯಾಕರಣದ ಟೀಚರಿಗೆ ಇದು ಕೂಡಲೇ ಹಿಡಿಸಿತು. ಇನ್ನೊಂದು ಕಡತದಲ್ಲಿ ಹೆಸರು, ಗುಪ್ತಪದ. ಆ ಕಡತವನ್ನು ಯಜಮಾನನ ಹೊರತು ಬೇರಾರೂ ಓದದಂತೆ ಮುಚ್ಚಿಡಬೇಕು. ಆಮೇಲೆ ‘ಪೋಸ್ಟ್‌ಮ್ಯಾಪ್’ ಎಂಬ ಆಜ್ಞೆ ಕೊಟ್ಟು ಪೋಸ್ಟ್‌ಫಿಕ್ಸಿಗೆ ತಿಳಿಯುವ ಹಾಗೆ ಮಾಡಬೇಕು. ಕೊನೆಯದಾಗಿ, ಗುಪ್ತೀಕರಣವಿಲ್ಲದೆ ಮಾತಾಡಬೇಡ ಎಂಬ ಕಟ್ಟುನಿಟ್ಟು. ಗುಪ್ತಪದ ಹೋಗುವಾಗ ಅಕ್ಷರ ಬದಲಾದಂತೆ ಕಾಣುತ್ತದೆ ಅಷ್ಟೇ, ಬಲ್ಲವರು ಕ್ಷಣದಲ್ಲಿ ಓದಬಹುದಂತೆ. ಪೋಸ್ಟ್‌ಕಾರ್ಡಿನಲ್ಲಿ ಬರೆದ ಗುಟ್ಟು ಅದು. ಗುಪ್ತೀಕರಣ ಅದಕ್ಕೆ ಅಂಟು ಹಚ್ಚಿದ ಲಕೋಟೆ.

ಎಲ್ಲ ಆಯಿತು, ಕಳಿಸಿದೆವು. ಹೋಗಲಿಲ್ಲ. ದಿನಚರಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ‘ಯೋಗ್ಯವಾದ ವಿಧಾನ ಯಾವುದೂ ಸಿಗಲಿಲ್ಲ’ ಎಂದು. ಯೋಗ್ಯವಾದದ್ದು ಎಂಬ ಶಬ್ದವೇ ಅಲ್ಲಿದೆ, ನಾನು ಹುಟ್ಟಿಸಿದ್ದಲ್ಲ! ನನಗೆ ಹಿಂದೆ ನಮ್ಮ ಮನೆಗೆ ಹುಡುಗಿ ನೋಡಲು ಬಂದು ಕೇಸರಿಬಾತು ತಿಂದು ಹೋದವರೆಲ್ಲ ನೆನಪಾದರು. ಗುರುತು ತೋರಿಸುವ ವಿದ್ಯೆಯ ಒಂದು ಸಣ್ಣ ತಂತ್ರಾಂಶವನ್ನೇ ಡಬ್ಬಿಯಲ್ಲಿ ಹಾಕಿರಲಿಲ್ಲವಂತೆ. ಹುಡುಗಿ ಅದನ್ನು ತರಿಸಿ ಹಾಕಿದಳು. ಮತ್ತೆ ಕಳಿಸಿದೆವು. ಈ ಸಲ 535, ಅಂದರೆ ಗುರುತು ಸರಿಯಿಲ್ಲ. ಇದು ನನ್ನದೇ ತಪ್ಪು. ಉದ್ದದ ಗುಪ್ತಪದವನ್ನು ಚೀಟಿಯಲ್ಲಿ ಬರೆದುಕೊಂಡು ಕುಟ್ಟುವಾಗ ಒಂದು ಎಂಬ ಅಂಕಿಯನ್ನು ಇಂಗ್ಲಿಷಿನ ಎಲ್ ಅಕ್ಷರ ಮಾಡಿದ್ದೆ. ಹುಡುಗಿ ಮಾತಾಡಲಿಲ್ಲ. ಅಲ್ಪಪ್ರಾಣಕ್ಕೆ ಮಹಾಪ್ರಾಣ ಬರೆದದ್ದಕ್ಕೆ ಹಿಂದೊಮ್ಮೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಇಬ್ಬರಿಗೂ ನೆನಪಾಗಿರಬೇಕು.

ಮೂರನೆಯ ಸಲಕ್ಕೆ ಅಕ್ಕನಿಗೆ ಹೊಸದಾಗಿ ಏನೂ ಬರೆಯಲಿಲ್ಲ. ಡೀಮನ್ ಮರಳಿಸಿದ ಜುಲೈ ಕಾಗದವನ್ನೇ, ಅವನ ಷರಾ ಸಮೇತ, ತಾರೀಕು ಸಮೇತ, ಇದ್ದ ಹಾಗೆಯೇ ಅವಳಿಗೆ ಕಳಿಸಿದೆ. ಮೇಲೆ ಒಂದೇ ಸಾಲು: “ಅಕ್ಕ, ರಸೀತಿ ನೋಡು.” ದಿನಚರಿಯಲ್ಲಿ 250 ಎಂಬ ಅಂಕಿ ಬಂತು. ದೊಡ್ಡ ಕಚೇರಿ ಕಾಗದ ತೆಗೆದುಕೊಂಡಿತು ಎಂದರ್ಥ. ಹುಡುಗಿಗೆ ಚಹಾ ಮಾಡುವುದನ್ನೂ ಮರೆತು ಕೂತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಉತ್ತರ. “ಪೋಸ್ಟ್‌ಮಾಸ್ಟರರ ಮಕ್ಕಳ ಕಾಗದವೇ ತಲುಪಲಿಲ್ಲವಲ್ಲೇ” ಎಂದು ಬರೆದಿದ್ದಳು. ಕೆಳಗೆ, ಒಂದು ಸಾಲು ಬಿಟ್ಟು, “ಆ ಮಂಚದ ಮೇಲೆ ಈಗ ಯಾರು ಮಲಗುತ್ತಾರೆ?”

ಅಕ್ಕ ಮೇ ತಿಂಗಳಲ್ಲಿ ಬಂದಳು. ಬಂಡಿಹಬ್ಬ ನೋಡಿದಳು, ಕರಿ ಇಶಾಡು ಮಾವಿನಹಣ್ಣನ್ನು ಸಕ್ಕರೆ ಕಾಯಿಲೆಯನ್ನು ಲೆಕ್ಕಿಸದೆ ತಿಂದಳು. ಕಿವಿ ಕೇಳದವಳಿಗೆ ನಾನು ಎದುರಿಗೇ ಕೂತು ಸ್ಲೇಟಿನ ಮೇಲೆ ಬರೆದು ಮಾತಾಡಿದೆ. ಹದಿನೈದು ದಿನವಾದ ಮೇಲೆ ಹೊರಟುನಿಂತಳು. ಇದ್ದುಬಿಡು ಎಂದು ಬರೆದೆ. ಸ್ಲೇಟು ಕಸಿದುಕೊಂಡು, ಫ್ಲ್ಯಾಟು ಬಾಡಿಗೆಗೆ ಕೊಟ್ಟಾಯಿತು, ಅಲ್ಲಿ ಮುಂಗಡ ಕಟ್ಟಿಯಾಗಿದೆ, ಪಕ್ಕದ ಕೋಣೆಯವಳಿಗೆ ನಾನಿಲ್ಲದಿದ್ದರೆ ಮದ್ದು ಕೊಡುವವರಿಲ್ಲ ಎಂದು ಬರೆದಳು. ಜುಲೈಯಲ್ಲಿ ಬರುತ್ತಿದ್ದವಳು ಮೇ ತಿಂಗಳಲ್ಲಿ ಬರಲಾರದವಳಾಗಿದ್ದಳು. ನಾನು ಒತ್ತಾಯಿಸಲಿಲ್ಲ. ಅವಳ ಕೈಚೀಲಕ್ಕೆ ಹಪ್ಪಳ, ಕೋಕಂ ತುಂಬಿದೆ. ರೈಲು ಬಿಟ್ಟ ಮೇಲೆ ಮನೆಗೆ ಬಂದು ನಡುಕೋಣೆಯ ಬಾಗಿಲು ಎಳೆದುಕೊಂಡೆ.

ಅದೇ ವರ್ಷ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿ ಪಾಲಾದವರ ಸುದ್ದಿ ದೇಶವೆಲ್ಲ ಕೇಳಿತು. ನಮ್ಮ ಮನೆ ಅಲ್ಲಿಂದ ದೂರ; ನಮಗೆ ಆದದ್ದು ಕರೆಂಟು ಹೋದದ್ದು, ಅಷ್ಟೇ. ಡಬ್ಬಿ ಮಾತ್ರ ಬ್ಯಾಟರಿಯ ಮೇಲೆ ನಡೆದಿತ್ತು. ಟಿ.ವಿ.ಯಲ್ಲಿ ‘ಅಂಕೋಲಾ’ ಎಂಬ ಹೆಸರು ನೋಡಿ ಅಕ್ಕ ಒಂದೇ ದಿನ ಮೂರು ಕಾಗದ ಹಾಕಿದ್ದಳು. ಮೂರನೆಯದರಲ್ಲಿ ಪೂರ್ಣವಿರಾಮವೂ ಇಲ್ಲ, ಒತ್ತಕ್ಷರವೂ ಇಲ್ಲ. ಮೇಣದ ಬತ್ತಿ ಹಚ್ಚಿಟ್ಟುಕೊಂಡು ಬರೆದೆ: “ನಾನು ಚೆನ್ನಾಗಿದ್ದೇನೆ. ಮನೆಯಲ್ಲೇ ಇದ್ದೇನೆ. ಅಳಬೇಡ.” ಕಳಿಸಿ ಸುಮ್ಮನಿರಲಿಲ್ಲ. ಹುಡುಗಿ ಕಲಿಸಿಕೊಟ್ಟಂತೆ ದಿನಚರಿ ತೆಗೆದು, ಬತ್ತಿಯನ್ನು ಹತ್ತಿರ ಹಿಡಿದು, ಕೊನೆಯ ಸಾಲಿನಲ್ಲಿ 250 ಎಂದು ಬರುವ ತನಕ ಕಾದೆ. ಬಂತು. ಆಮೇಲೆ ಮೇಲರ್-ಡೀಮನ್ ಏನಾದರೂ ಬರೆದಿದ್ದಾನೆಯೇ ಎಂದು ಪೆಟ್ಟಿಗೆಯನ್ನೂ ನೋಡಿದೆ. ಏನೂ ಇರಲಿಲ್ಲ. ಬತ್ತಿ ಆರಿಸಿ ಮಲಗಿದೆ.